ಚೆಲುವಣ್ಣನ ಖಲಾಸ್

ಶ್ರದ್ಧಾಂಜಲಿ ಸಭೆ ನಡೆಸಿಕೊಡಿ ಎಂದು ಯಾರಾದರೂ ಫೋನ್ ಮಾಡಿದರೆ ನನಗೆ ಒಳಗೊಳಗೇ ಹುರುಪು ಹುಟ್ಟುತ್ತದೆ. ಹೇಳಿಕೊಳ್ಳಲು ನಾಚಿಕೆ, ಆದರೂ ನಿಜ. "ಅಯ್ಯೋ, ಹೌದಾ?" ಎಂದು ಮರುಗುತ್ತಿರುವಾಗಲೇ ಮನಸ್ಸು ಮೊದಲ ವಾಕ್ಯ ಹುಡುಕಲು ಹೊರಟಿರುತ್ತದೆ. ಕುವೈತಿನ ನಮ್ಮ ಕನ್ನಡಿಗರಿಗೆ ನಾನು ರಾಜ್ಯೋತ್ಸವದಲ್ಲಿ ರೇಷ್ಮೆ ಸೀರೆಯ ನಿರೂಪಕಿ, ಸಾವಿನಲ್ಲಿ ಕಾಟನ್ ಸೀರೆಯ ನಿರೂಪಕಿ.

ಮಂತ್ರ, ಬೆಂಕಿ, ತಿಥಿ ಎಲ್ಲ ಊರಿನಲ್ಲಿ. ದೇಹ ವಿಮಾನ ಹತ್ತುವ ಮುಂಚೆ ಇಲ್ಲಿ ನಮ್ಮ ಪಾಲಿಗೆ ಸಿಗುವುದು ಒಂದಿಷ್ಟು ಮಾತು. ಆದರೆ ನೋಡಿ, ಊರಿನವರು ಕಂಡದ್ದು ರಜೆಯ ಮನುಷ್ಯನನ್ನು. ದುಡಿದು ದಣಿದು, ರೇಗಿ, ನಕ್ಕ ಮನುಷ್ಯ ಗೊತ್ತಿರುವುದು ನಮಗೆ. "ಸರಳ ಸಜ್ಜನ, ತುಂಬಲಾರದ ನಷ್ಟ" ಎಂದು ಮುಗಿಸಿಬಿಟ್ಟರೆ ಅವನನ್ನು ಅರ್ಧ ಮಾತ್ರ ಕಳಿಸಿಕೊಟ್ಟಂತೆ.

ಇಲ್ಲಿನ ಮಂಗಫ್ ಬಡಾವಣೆಯ ಚೆಲುವಣ್ಣ ತೀರಿಕೊಂಡಾಗ ಈ ಮಾತು ನನಗೇ ತಿರುಗಿ ಬಂತು. ಮಂಡ್ಯ ಕಡೆಯ ಆ ರಿಫೈನರಿ ನೌಕರ ಕುವೈತಿನಲ್ಲಿ ಕಲಿತು ಹಚ್ಚಿಕೊಂಡ ಅರಬ್ಬಿ ಪದ ಒಂದೇ: ಖಲಾಸ್. ಮಗಳು ಪಾಸಾದರೂ ಖಲಾಸ್, ಕಾರು ಕೆಟ್ಟರೂ ಖಲಾಸ್. ಯಾರಾದರೂ ಉದ್ದ ಭಾಷಣ ಬಿಗಿದರೆ ಹಿಂದಿನ ಸಾಲಿನಿಂದ ಗಟ್ಟಿಯಾಗಿ, "ಖಲಾಸ್!" ಆ ಭಾಷಣ ಎಷ್ಟೋ ಸಲ ನನ್ನದೇ.

ಅವರ ಮಗಳು ಸಿಂಚನ ನನ್ನ ಕೈ ಹಿಡಿದುಕೊಂಡಳು. "ಆಂಟಿ, ಪ್ಲೀಸ್ ಸೇ ಖಲಾಸ್. ಅದರ್‌ವೈಸ್ ಇಟ್ ವೋಂಟ್ ಬಿ ಅಪ್ಪ."

ಹೇಳುವುದು ಹೇಗೆ? ಅರಬ್ಬಿಯಲ್ಲಿ ಅದು "ಆಯಿತು, ಮುಗಿಯಿತು". ನಮ್ಮ ಬಾಯಲ್ಲೋ, ಸತ್ತವನನ್ನು ಮರ್ಯಾದೆಯಿಲ್ಲದೆ "ಖಲಾಸ್ ಆದ" ಅನ್ನುತ್ತೇವೆ. ಹೆಂಡತಿ ಎದುರಿಗೆ ಕೂತಿರುವಾಗ ಅದನ್ನು ಆಡುವುದೆಂದರೆ! ಶರ್ಕ್ ಪ್ರದೇಶದಲ್ಲಿ ನಾನು ಕೆಲಸ ಮಾಡುವ ಬ್ಯಾಂಕಿನಲ್ಲಿ ಅರಬ್ ಸಹೋದ್ಯೋಗಿಯೊಬ್ಬರನ್ನು ಕೇಳಿದೆ. ಆ ಪದಕ್ಕೆ ಬಿಡುಗಡೆ, ಪಾರಾಗುವುದು ಎಂಬ ಅರ್ಥವೂ ಇದೆಯಂತೆ. ನಾನು ಕುರ್ಚಿಯಿಂದ ಎದ್ದೇಬಿಟ್ಟೆ. ಮುಕ್ತಿ! ಚೆಲುವಣ್ಣ ಇಷ್ಟು ವರ್ಷ ಕಾರು ಕೆಟ್ಟಾಗಲೆಲ್ಲ ಮುಕ್ತಿ ಮುಕ್ತಿ ಎಂದು ಕೂಗುತ್ತಿದ್ದರು! ಆ ಸಂಜೆಯೆಲ್ಲ ನನ್ನ ಬುದ್ಧಿಗೆ ನಾನೇ ಮೆಚ್ಚಿ ತಲೆದೂಗಿದೆ.

ಶುಕ್ರವಾರ ಬೆಳಗ್ಗೆ ಅವರ ಕಟ್ಟಡದ ಹಾಲ್ ತುಂಬಿತ್ತು. ಅವರ ಹೆಂಡತಿ ಭಾಗ್ಯಕ್ಕ ಮುಂದಿನ ಸಾಲಿನಲ್ಲಿ ಕಲ್ಲಿನಂತೆ ಕೂತಿದ್ದರು. ಸುದ್ದಿ ತಿಳಿದಾಗಿನಿಂದ ಅವರು ಅತ್ತೇ ಇಲ್ಲ ಎಂದು ಸಿಂಚನ ಹೆದರಿದ್ದಳು. ನಾನು ಶುರು ಮಾಡಿದೆ. ಪದದ ಮೂಲ, ಅರ್ಥದ ಕವಲುಗಳು, ನಮ್ಮ ಮುಕ್ತಿಯ ಕಲ್ಪನೆ... ಉತ್ಸಾಹದಲ್ಲಿ ಎಲ್ಲಿಗೆ ಹೋದೆನೋ ಗೊತ್ತಿಲ್ಲ. ಪದವನ್ನು ಸುತ್ತುತ್ತಲೇ ಇದ್ದೆ, ಬಾಯಿಬಿಟ್ಟು ಆಡಲು ಮಾತ್ರ ಧೈರ್ಯ ಬರಲಿಲ್ಲ. ಸಿಂಚನಳ ಮುಖ ಬಾಡುತ್ತಿತ್ತು.

ಆಗ ಭಾಗ್ಯಕ್ಕ ತಲೆ ಎತ್ತಿದರು.

"ಸಾಕು ಬುಡಮ್ಮಿ. ಅವ್ರು ಇದ್ದಿದ್ರೆ ಇಷ್ಟೊತ್ಗೆ ಖಲಾಸ್ ಅಂತಿದ್ರು!"

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು, ಹಾಲಿಗೆ ಹಾಲೇ ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವರು ಭಾಗ್ಯಕ್ಕ. ನಗುತ್ತ ನಗುತ್ತಲೇ ಮಗಳ ಹೆಗಲಿಗೆ ಒರಗಿ ಗಳಗಳನೆ ಅತ್ತರು. ಸಿಂಚನ ಅಮ್ಮನನ್ನು ತಬ್ಬಿಕೊಂಡು ನನ್ನ ಕಡೆ ನೋಡಿ ತಲೆಯಾಡಿಸಿದಳು. ಅಪ್ಪ ಬಂದಿದ್ದರು.

ಮುಕ್ತಿಯ ಬಗ್ಗೆ ನನ್ನ ಬಳಿ ಇನ್ನೂ ಬಹಳ ಸೊಗಸಾದ ಮಾತುಗಳಿದ್ದವು. ಮೈಕ್ ಆಫ್ ಮಾಡಿ ಕೂತೆ. ಇಷ್ಟು ವರ್ಷಗಳಲ್ಲಿ ಚೆಲುವಣ್ಣ ಹೇಳಿದೊಡನೆ ನಾನು ಭಾಷಣ ನಿಲ್ಲಿಸಿದ್ದು ಅದೇ ಮೊದಲು.