ಬೇರಿಂಗಿಗೆ ಜೀವ ಇಲ್ಲ

ಮೀನು ಕೊಯ್ಯಲು ಮೆಟ್ಟುಕತ್ತಿಯ ಮುಂದೆ ನೆಲದಲ್ಲಿ ಕೂತ ನನಗೆ ಏಳಲು ಆಗಲಿಲ್ಲ. ಬಲ ಮೊಣಕಾಲು ಕಟಕ್ಕೆಂದಿತು. ಸಂಜೆಗೆ ಊದಿತು.

ಎಕ್ಸ್-ರೇ ನೋಡಿದ ಡಾಕ್ಟರು ಹೇಳಿದ್ದು ಒಂದೇ ಮಾತು. "ಸವೆದಿದೆ."

ನನ್ನ ಗಂಡನಿಗೆ ಅಷ್ಟು ಸಾಕಾಯಿತು. ಮಸ್ಕತ್ತಿನ ಗ್ಯಾರೇಜಿನಲ್ಲಿ ಆಯುಷ್ಯ ಕಳೆದು ಕಾಟಿಪಳ್ಳದ ಮನೆಗೆ ಮರಳಿದ ಮನುಷ್ಯ. ಜಗತ್ತೆಲ್ಲ ಅವರಿಗೆ ಬಿಡಿಭಾಗಗಳೇ.

"ಸವೆದ ಬೇರಿಂಗ್ ಓಡಿಸಿದರೆ ಪೂರ್ತಿ ಹೋಗ್ತದೆ ಮಾರಾಯ್ತಿ. ನೀನು ಕೂತುಕೋ. ಎಂತ ಬೇಕೋ ಹೇಳು, ನಾನು ತರ್ತೇನೆ."

ಅಂದಿನಿಂದ ಚಹಾ ಅವರದ್ದು, ಬಟ್ಟೆ ಒಣಗಿಸುವುದೂ ಅವರದ್ದು. ಬಂಗುಡೆಯ ಹೊಟ್ಟೆಯನ್ನು ಎಂಜಿನ್ ಬಿಚ್ಚುವ ಗಾಂಭೀರ್ಯದಲ್ಲಿ ಬಿಚ್ಚುತ್ತಿದ್ದರು. ನಾನು ಕುರ್ಚಿಯಲ್ಲಿ ರಾಣಿಯ ಹಾಗೆ. ಎಷ್ಟೋ ವರ್ಷ ಫೋನಿನಲ್ಲಿ ಮಾತ್ರ ಸಿಗುತ್ತಿದ್ದ ಗಂಡ ಈಗ ಕರೆದರೆ ಓಗೊಡುವಷ್ಟು ಹತ್ತಿರ. ಸುಳ್ಳೇಕೆ ಹೇಳಲಿ, ಹಿತವಾಗಿತ್ತು.

ಮಳೆಗಾಲ ಮುಗಿಯುವ ಹೊತ್ತಿಗೆ, ಅವರು ಕೈ ಕೊಡದೆ ಕುರ್ಚಿಯಿಂದ ಏಳಲಾಗಲಿಲ್ಲ.

ಬಚ್ಚಲಿಗೆ ಹೋಗಲೂ.

ಇನ್ನು ಬದುಕೆಲ್ಲ ಹೀಗೆಯೇ ಏನೋ ಎಂದು ಆ ದಿನ ಅಳು ಬಂತು. ನಂತೂರಿನ ಟ್ರಾಫಿಕ್ ಬ್ಲಾಕಿನಲ್ಲಿ ಸಿಕ್ಕಿಕೊಂಡು ನರಳುತ್ತ ಇನ್ನೊಬ್ಬ ಡಾಕ್ಟರ ಹತ್ತಿರ ಹೋದೆವು. ಸಣ್ಣ ಪ್ರಾಯದ ಹೆಣ್ಣುಮಗಳು. ನನ್ನ ತೊಡೆ ಮುಟ್ಟಿ ನೋಡಿದರು.

"ಮಸಲ್ ಎಲ್ಲ ಎಲ್ಲಿ ಹೋಯಿತು ಅಮ್ಮ? ನಡೆಯುವುದಿಲ್ವಾ?"

"ಬೇರಿಂಗ್ ಸವೆದಿದೆಯಲ್ಲ ಡಾಕ್ಟ್ರೇ," ಎಂದರು ಇವರು.

ಆಕೆ ನಗಲಿಲ್ಲ. "ಬೇರಿಂಗಿಗೆ ಜೀವ ಇಲ್ಲ ಅಂಕಲ್. ಕಾರ್ಟಿಲೇಜಿಗೆ ಉಂಟು."

ಕಾರ್ಟಿಲೇಜೆಂದರೆ ಕೀಲಿನಲ್ಲಿ ಮೂಳೆಯ ತುದಿಗಿರುವ ಮೆತ್ತೆ. ಅದರೊಳಗಿನ ಜೀವಕೋಶಗಳು ಹಳೆಯದನ್ನು ಕತ್ತರಿಸುತ್ತ, ಹೊಸದನ್ನು ಕಟ್ಟುತ್ತ ಇರುತ್ತವಂತೆ. ಜನ ಸವೆತ ಎನ್ನುವ ಈ ಕಾಯಿಲೆಯಲ್ಲಿ ಆ ಹದ ತಪ್ಪುತ್ತದೆ. ಕತ್ತರಿಸುವ ಎನ್‌ಜೈಮ್‌ಗಳದ್ದೇ ಮೇಲುಗೈಯಾಗಿ, ಕೊಲಾಜೆನ್ ಎಂಬ ನಾರು ತುಂಡಾಗುತ್ತದೆ. ಆ ಚೂರುಗಳು ಉರಿಯೂತ ಎಬ್ಬಿಸುತ್ತವೆ, ಉರಿಯೂತದಿಂದ ಎನ್‌ಜೈಮ್ ಇನ್ನೂ ಹೆಚ್ಚುತ್ತದೆ. ಕಾರ್ಟಿಲೇಜಿಗೆ ರಕ್ತನಾಳವೂ ಇಲ್ಲ. ಕಾಲೂರಿದಾಗ ಹಿಂಡಿಸಿಕೊಂಡು, ಎತ್ತಿದಾಗ ಹೀರಿಕೊಂಡು, ಸ್ಪಂಜಿನಂತೆ ಅದು ಊಟ ಮಾಡುವುದು. ಕೂತೇ ಇದ್ದರೆ ಉಪವಾಸ.

ಇವರ ಮುಖ ಬಾಡಿತು. "ಅಂದರೆ ಇವಳ ಕಾಲನ್ನು ನಾನೇ ಉಪವಾಸ ಹಾಕಿದ್ದಾ?"

"ಪ್ರೀತಿಯಿಂದಲೇ ಮಾಡಿದ್ದಲ್ವಾ ಅಂಕಲ್. ಇನ್ನು ನಡೆಸಿ. ನೋವು ಹೆಚ್ಚಾದರೆ ಕಡಿಮೆ ಮಾಡುವ. ನಿಲ್ಲಿಸುವುದು ಬೇಡ."

ಫಿಸಿಯೋಥೆರಪಿ ಶುರುವಾಯಿತು. ಹೋದ ಕಾರ್ಟಿಲೇಜ್ ಮೊದಲಿನಂತೆ ಬರುವುದಿಲ್ಲ, ಅದನ್ನು ಡಾಕ್ಟರು ಮುಚ್ಚಿಡಲಿಲ್ಲ. ನೋವೂ ಉಂಟು. ಆದರೆ ತೊಡೆಗೆ ಬಲ ಬರುತ್ತಿದೆ.

ನಿನ್ನೆ ಬೆಳಿಗ್ಗೆ ಏಳಲು ಹೊರಟೆ. ಇವರು ಅಭ್ಯಾಸದಂತೆ ಓಡಿ ಬಂದರು. ಹತ್ತಿರ ಬಂದವರು ತಟ್ಟನೆ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತುಬಿಟ್ಟರು. ನನ್ನನ್ನು ಹಿಡಿಯದೆ ನಿಲ್ಲುವುದು ಅವರಿಗೆ ಎಷ್ಟು ಕಷ್ಟವೆಂದು ನನಗೆ ಗೊತ್ತು.

ಎದ್ದೆ.