ನನ್ನ ಫೋಟೋ ಅಂಟಿಸಿದ ಡಬ್ಬಿ

ನಾನು ಪಿಎಚ್‌.ಡಿ. ಮಾಡುತ್ತಿದ್ದ ವರ್ಷಗಳಲ್ಲಿ ಮದುವೆ, ಮುಂಜಿವೆ ಎಲ್ಲಿಗೆ ಹೋದರೂ ಒಂದೇ ಪ್ರಶ್ನೆ. “ಹುಚ್ಚರ ರಕ್ತ ತಗದು ಏನ್ ನೋಡ್ತೀಯವಾ?” ಕೇಳಿದವರು ನಗುತ್ತಿದ್ದರು. ನನಗೆ ನಗು ಬರುತ್ತಿರಲಿಲ್ಲ.

ನೋಡುತ್ತಿದ್ದುದು ಇಷ್ಟು. ಇಲ್ಲದ ದನಿ ಕೇಳಿಸುವುದು, ಇಲ್ಲದ ವೈರಿಗಳು ಬೆನ್ನು ಹತ್ತಿದ್ದಾರೆ ಅನ್ನಿಸುವುದು, ಇದನ್ನು ವೈದ್ಯರು ಸೈಕೋಸಿಸ್ ಎನ್ನುತ್ತಾರೆ. ಅಂಥ ಕೆಲವರ ರಕ್ತದಲ್ಲಿ, ಸೋಂಕು ಏನೂ ಇಲ್ಲದಿದ್ದರೂ, ಮೈ ಯಾವುದೋ ಸೋಂಕಿನೊಡನೆ ಹೋರಾಡುತ್ತಿರುವ ಗುರುತು ಕಾಣುತ್ತದೆ. ರೋಗನಿರೋಧಕ ವ್ಯವಸ್ಥೆ ಸುಮ್ಮನಿರಬೇಕಾದಾಗಲೂ ಕೆಲಸ ಮಾಡುತ್ತಲೇ ಇರುತ್ತದೆ. ಅದು ಕಾಯಿಲೆಗೆ ಕಾರಣವೋ, ಕಾಯಿಲೆಯ ಪರಿಣಾಮವೋ? ನನಗೆ ಗೊತ್ತಿರಲಿಲ್ಲ. ಪೂರ್ತಿಯಾಗಿ ಈಗಲೂ ಗೊತ್ತಿಲ್ಲ.

ನನ್ನ ಅಧ್ಯಯನಕ್ಕೆ ರಕ್ತ ಕೊಟ್ಟವರಲ್ಲಿ ಹಳೇ ಹುಬ್ಬಳ್ಳಿಯ ಒಬ್ಬಾಕೆ ಇದ್ದಳು. ಹೆಚ್ಚುಕಡಿಮೆ ನನ್ನದೇ ವಯಸ್ಸು. ಮನೆಯಲ್ಲೇ ಜೋಳದ ರೊಟ್ಟಿ ಬಡಿದು ಖಾನಾವಳಿಗಳಿಗೆ ಕೊಡುತ್ತಿದ್ದಳು. ಗಂಡ ಅಮರಗೋಳದ ಮಾರ್ಕೆಟ್ ಯಾರ್ಡಿನಲ್ಲಿ ಸರಕಿನ ಟಂಟಂ ಆಟೋ ಓಡಿಸುತ್ತಿದ್ದ. ಕೆಲವು ವರ್ಷಗಳ ಹಿಂದೆ ಆಕೆಗೆ ಪಕ್ಕದ ಮನೆಯ ಗೋಡೆಯೊಳಗಿಂದ ಹೆಂಗಸರು ಬೈಯುವುದು ಕೇಳಿಸತೊಡಗಿತ್ತು. ಹಿಟ್ಟಿನಲ್ಲಿ ಯಾರೋ ಏನೋ ಬೆರೆಸಿದ್ದಾರೆಂದು ನಾದುವುದನ್ನೇ ಬಿಟ್ಟಿದ್ದಳು. ಗುಳಿಗೆ ಶುರುವಾದ ಮೇಲೆ ನಿಧಾನವಾಗಿ ಮತ್ತೆ ಒಲೆಯ ಮುಂದೆ ಕೂತಳು. ನಾನು ಅವರ ಓಣಿಗೆ ಹೋದಾಗಲೆಲ್ಲ ಮೊದಲು ಕೇಳಿಸುತ್ತಿದ್ದುದು ರೊಟ್ಟಿ ಬಡಿಯುವ ಸಪ್ಪಳವೇ.

ಅದೇ ಹೊತ್ತಿಗೆ ಧಾರವಾಡದ ಒಂದು ಮಹಿಳಾ ಮಂಡಳದವರು ಮನೋರೋಗದ ಬಗ್ಗೆ ಮಾತಾಡಲು ಕರೆದರು. ಹೋದೆ. ಕನ್ನಡದಲ್ಲಿ, ಆದಷ್ಟು ತಿಳಿಯಾಗಿ ಹೇಳಿದೆ. ನಮಗೆ ಇನ್ನೂ ಗೊತ್ತಿಲ್ಲ ಎಂಬುದನ್ನು ಹಲವು ಸಲ ಹೇಳಿದೆ. ಯಾರೂ ನನ್ನ ಮಾತು ಕೇಳಿ ಗುಳಿಗೆ ಬಿಡಬಾರದು ಎಂದೂ ಹೇಳಿದೆ. ಮರುದಿನ ಪತ್ರಿಕೆಯೊಂದರಲ್ಲಿ ನನ್ನ ಫೋಟೋ, ಮೇಲೆ ದಪ್ಪ ಅಕ್ಷರದಲ್ಲಿ: ‘ರೋಗನಿರೋಧಕ ಶಕ್ತಿ ಕುಂದಿದರೆ ಮನೋರೋಗ’.

ನಾನು ಹೇಳಿದ್ದರ ನೇರ ವಿರುದ್ಧ! ಕೂಡಲೇ ಫೋನ್ ಮಾಡಿದೆ.

“ಜನಕ್ಕ ತಿಳೀಬೇಕಲ್ರೀ ಮೇಡಂ, ಸ್ವಲ್ಪ ಸರಳ ಮಾಡೇವಿ” ಎಂದರು ವರದಿಗಾರರು.

“ಸರಳ ಅಲ್ರಿ, ಉಲ್ಟಾ ಮಾಡೀರಿ.”

ತಿದ್ದುಪಡಿ ಬಂತು. ಒಳಪುಟದಲ್ಲಿ, ಸೈಟು ಮಾರಾಟದ ಜಾಹೀರಾತಿನ ಕೆಳಗೆ, ಹುಡುಕಿದವರಿಗೆ ಮಾತ್ರ ಸಿಗುವಂತೆ. ನನ್ನ ಗೈಡ್ ಪೇಪರನ್ನು ಮಡಚಿಟ್ಟು, “ಬಿಡವಾ, ನಾಳೆ ಯಾರೂ ನೆನಪ ಇಡೂದಿಲ್ಲ. ನೀ ಥೀಸಿಸ್ ಬರಿ” ಎಂದರು.

ನೆನಪಿಟ್ಟವನು ಒಬ್ಬನಿದ್ದ.

ಕೆಲವು ವಾರಗಳ ನಂತರ ಅಧ್ಯಯನಕ್ಕೆ ಎರಡನೆಯ ಸುತ್ತಿನ ರಕ್ತ ತೆಗೆಯಲೆಂದು ಹಳೇ ಹುಬ್ಬಳ್ಳಿಗೆ ಹೋದೆ. ಓಣಿಯಲ್ಲಿ ರೊಟ್ಟಿಯ ಸಪ್ಪಳವಿರಲಿಲ್ಲ. ಕೆಲಸದ ಹೊತ್ತಾದರೂ ಗಂಡ ಮನೆಯಲ್ಲಿದ್ದ. ಆಕೆ ಒಳಗೆ ಮೂಲೆಯಲ್ಲಿ ಗೋಡೆಗೆ ಬೆನ್ನು ಕೊಟ್ಟು ಕೂತಿದ್ದಳು. ಕಿಟಕಿಗೆ ಸೀರೆ ಕಟ್ಟಿತ್ತು. ನನ್ನನ್ನು ನೋಡಿ ಮೆಲ್ಲಗೆ ಕೇಳಿದಳು: “ನೀವೂ ಅವರ ಕಡೀನ ಏನ್ರಿ ಅಕ್ಕಾರ?”

“ಗುಳಿಗಿ ನಡದಾವಿಲ್ಲೋ?” ಎಂದು ಗಂಡನನ್ನು ಕೇಳಿದೆ.

ಅವನು ಒಳಗಿನಿಂದ ಒಂದು ಪ್ಲಾಸ್ಟಿಕ್ ಡಬ್ಬಿ ತಂದ. ಇಮ್ಯುನಿಟಿ ಹೆಚ್ಚಿಸುವ ಪುಡಿ. ಡಬ್ಬಿಯ ಮೈಗೆ ಆ ಸುದ್ದಿಯ ಝೆರಾಕ್ಸ್ ಸುತ್ತಿ ಅಂಟಿಸಿದ್ದರು. ನನ್ನ ಫೋಟೋ ನನ್ನನ್ನೇ ನೋಡಿ ನಗುತ್ತಿತ್ತು.

“ನಿಮ್ಮ ಫೋಟೋ ನೋಡೇ ತಂದೇನ್ರಿ ಮೇಡಂ. ನೀವು ಹೇಳೀರಂದ್ರ ಖರೇನ ಇರತೈತಿ ಅಂದ್ಕೊಂಡೆ. ಆ ಗುಳಿಗಿ ತಗೊಂಡ್ರ ಇಕಿಗೆ ದಿನಾ ಮಂಪರು, ಮೈ ಬ್ಯಾರೆ ಬಂದಿತ್ತು. ಎರಡೂ ಕೂಡೇ ತಗೊಂಡ್ರ ಪುಡಿ ಹತ್ತೂದಿಲ್ಲ, ಗುಳಿಗಿ ಬಿಡಿಸ್ರಿ ಅಂದ್ರು ಅಂಗಡಿಯವ್ರು.”

ಅವನ ಮೇಲೆ ಸಿಟ್ಟು ಮಾಡಲು ನನ್ನಿಂದಾಗಲಿಲ್ಲ. ಹೆಂಡತಿ ಮೊದಲಿನಂತೆ ಹಗುರಾಗಿ ಓಡಾಡಲಿ ಎಂದು ಆಸೆಪಟ್ಟದ್ದು ತಪ್ಪೇ? ಆ ಆಸೆಯನ್ನು ಡಬ್ಬಿಯಲ್ಲಿ ತುಂಬಿ ಮಾರಿದವನ ಮೇಲೆ ಮಾತ್ರ ಮೈಯೆಲ್ಲ ಉರಿಯಿತು. ಇವಳ ಮೈಯ ಕಾವಲು ಸುಮ್ಮನಿರದೆ ಅತಿಯಾಗಿ ದುಡಿಯುತ್ತಿದೆಯೇನೋ ಎಂದು ನಾನು ಅನುಮಾನಪಡುತ್ತಿದ್ದರೆ, ಅವನು ಅದನ್ನೇ ಇನ್ನಷ್ಟು ಹೆಚ್ಚಿಸುತ್ತೇನೆಂದು ಮಾರುತ್ತಿದ್ದ. ಅದೂ ನನ್ನ ಮುಖ ತೋರಿಸಿ!

ಗಂಡನ ಟಂಟಂನಲ್ಲೇ ಆಕೆಯನ್ನು ಧಾರವಾಡದ ಆಸ್ಪತ್ರೆಗೆ ಕರೆದೊಯ್ದೆವು. ದಾರಿಯುದ್ದಕ್ಕೂ ಸೆರಗಿನಿಂದ ಕಿವಿ ಮುಚ್ಚಿಕೊಂಡಿದ್ದಳು. ವೈದ್ಯರು ದಾಖಲು ಮಾಡಿಕೊಂಡರು.

ನಾನು ಗೈಡ್ ಬಳಿ ಹೋಗಿ ಡಬ್ಬಿಯನ್ನು ಮೇಜಿನ ಮೇಲಿಟ್ಟೆ. ಅವರು ತಿರುಗಿಸಿ ನೋಡಿ ನಿಟ್ಟುಸಿರುಬಿಟ್ಟರು. “ರಕ್ತ ನೋಡೂದು ನಮ್ಮ ಕೆಲಸ. ಅಂಗಡಿ ನೋಡೂದಲ್ಲ” ಎಂದರು. ದೂರು ತೆಗೆದುಕೊಂಡು ಆಹಾರ ಸುರಕ್ಷತೆಯ ಕಚೇರಿಗೆ ಹೋದರೆ, ಅಲ್ಲಿನ ಅಧಿಕಾರಿ ಲೇಬಲ್ ಓದಿ, “ಇದರ ಮ್ಯಾಲೆ ಆಹಾರದ ಪುಡಿ ಅಂತಷ್ಟ ಐತ್ರಿ. ರೋಗ ವಾಸಿ ಆಗತೈತಿ ಅಂತ ಎಲ್ಲಿ ಬರದಾರು? ಪೇಪರ್ ಅಂಟಿಸಿದ್ದು ಲೇಬಲ್ ಅಲ್ಲಲ್ರೀ” ಎಂದರು. ಹೆಂಗಸೊಬ್ಬಳು ಆಸ್ಪತ್ರೆಯಲ್ಲಿ ಮಲಗಿದ್ದಳು, ಇವರು ಅಂಟಿನ ಲೆಕ್ಕ ಹೇಳುತ್ತಿದ್ದರು.

ಆಕೆ ಚೇತರಿಸಿಕೊಂಡು ಮನೆಗೆ ಬಂದಮೇಲೆ ನಡೆದದ್ದನ್ನೆಲ್ಲ ಗಂಡ ಹೇಳಿದನಂತೆ. ನಾನು ನೋಡಲು ಹೋದಾಗ ಆಕೆಯ ಮಾತು ಒಂದೇ: “ಆ ಅಂಗಡಿಗೆ ಹೋಗೂನು.” ಗಂಡ ಬೇಡವೆಂದ. ನಾನೂ ಹಿಂದೆಮುಂದೆ ನೋಡಿದೆ.

“ಯಾಕ್ರಿ, ಅಲ್ಲೆ ಹೋಗಿ ಹುಚ್ಚುಚ್ಚರ ಮಾತಾಡ್ತೀನಂತ ಅಂಜಿಕಿ ಏನು?” ಎಂದು ಇಬ್ಬರನ್ನೂ ದಿಟ್ಟಿಸಿದಳು.

ಮೂವರೂ ಹೋದೆವು. ಹುಬ್ಬಳ್ಳಿಯ ಪೇಟೆಯಲ್ಲಿ ಥಳಥಳ ಹೊಳೆಯುವ ಅಂಗಡಿ. ಮಾಲೀಕ ಇಸ್ತ್ರಿ ಹಾಕಿದ ಬಿಳಿ ಅಂಗಿಯ ಮನುಷ್ಯ, ದನಿಯಲ್ಲಿ ಸಕ್ಕರೆ. ನನ್ನನ್ನು ಕಂಡೊಡನೆ ಗುರುತು ಹಿಡಿದ. “ಅರೇ, ಮೇಡಂರ! ನೀವ ಖುದ್ದ ಬಂದ್ರಿ! ಕೂಡ್ರಿ, ಚಹಾ ತರಸ್ತೇನಿ. ಮೊದಲ ಒಂದ್ ಫೋಟೋ ತಗೊಳ್ಳೂನು ತಡೀರಿ” ಎನ್ನುತ್ತ ಮೊಬೈಲ್ ಎತ್ತಿದ.

ನಾನು ಕೈಯಿಂದ ಮುಖ ಮರೆಮಾಡಿಕೊಂಡೆ. ಆಕೆ ನಮ್ಮಿಬ್ಬರ ನಡುವೆ ಬಂದು ನಿಂತಳು.

“ನಂದು ತಗೋರಿ ಫೋಟೋ. ಪುಡಿ ತಿಂದಾಕಿ ನಾನು.”

ಗಿರಾಕಿಗಳು ತಿರುಗಿದರು. ಆಕೆ ಜೋರು ಮಾಡಲಿಲ್ಲ. ಗುಳಿಗೆ ಬಿಟ್ಟದ್ದು, ಮತ್ತೆ ದನಿಗಳು ಬಂದದ್ದು, ತನ್ನ ಮಗಳ ಕೈಯಿಂದಲೂ ನೀರು ಕುಡಿಯಲು ಹೆದರಿದ್ದು, ಎಲ್ಲವನ್ನೂ ಒಂದೊಂದಾಗಿ ಹೇಳಿದಳು. “ಗುಳಿಗಿ ಬಿಡಿಸ್ರಿ ಅಂತ ನೀವ ಹೇಳಿದ್ರಿ, ಹೌದಿಲ್ಲೋ?”

ಅವನ ನಗು ಮಾಸಲಿಲ್ಲ. ನನ್ನ ಕಡೆ ತಿರುಗಿ, ಆಕೆ ಅಲ್ಲಿ ಇಲ್ಲವೇ ಇಲ್ಲ ಎಂಬಂತೆ ಹೇಳಿದ: “ಪಾಪ, ಇನ್ನೂ ಆರಾಮಾಗಿಲ್ಲ ಕಾಣಸ್ತೈತಿ. ಏನೇನರ ಅಂತಾರ. ಮನಿಗೆ ಕರಕೊಂಡ್ ಹೋಗ್ರಿ ಮೇಡಂ.”

ಆಗ ಗಂಡ ಮುಂದೆ ಬಂದ. “ನೀವು ಹೇಳಿದ್ದು ನನಗ. ಇದ ಕಟ್ಟಿ ಮ್ಯಾಲೆ ನಿಂತು ಹೇಳಿದ್ರಿ. ನನಗ ಯಾವ ಹುಚ್ಚೂ ಇಲ್ಲ.”

ಮಾಲೀಕ ಮೊದಲ ಸಲ ಕೆಳಗೆ ನೋಡಿದ. ನನಗೂ ಆಗ ಕೈಕಾಲು ಬಂದವು. ಕಪಾಟಿನಲ್ಲಿದ್ದ ಡಬ್ಬಿಗಳಿಂದ ನನ್ನ ಫೋಟೋ ಪರಪರ ಹರಿದೆ. ಅವನು ತಡೆಯಲಿಲ್ಲ. ಒಬ್ಬ ಹೆಂಗಸು ಕೈಯಲ್ಲಿದ್ದ ಡಬ್ಬಿಯನ್ನು ಮರಳಿ ಇಟ್ಟು ಹೊರಟುಹೋದಳು. ಇನ್ನೊಬ್ಬ ಗಿರಾಕಿ ನಾನು ಫೋಟೋ ಹರಿದಿಟ್ಟ ಡಬ್ಬಿಯನ್ನೇ ಎತ್ತಿಕೊಂಡು ಹಣ ಕೊಟ್ಟ. ನಮ್ಮ ಕಣ್ಣೆದುರಿಗೇ.

ವಾಪಸು ಬರುವಾಗ ಟಂಟಂನಲ್ಲಿ ನಾನು ಗಂಡನಿಗೆ, “ಛಲೋ ಹೇಳಿದ್ರಿ” ಎಂದೆ. ಆಕೆ ಹೊರಗೆ ನೋಡುತ್ತಿದ್ದಳು.

“ಅದನ್ನ ನಾ ಮೊದಲ ಹೇಳಿದ್ನಲ್ಲ” ಎಂದಳು. “ನಾ ಹೇಳಿದ್ದು ಯಾಕ ಸಾಲಲಿಲ್ರಿ?”

ಗಂಡ ಓಣಿಯ ತಿರುವಿನಲ್ಲಿ ಗಾಡಿ ನಿಲ್ಲಿಸಿ, ತಿರುಗದೆಯೇ, “ಸಾಲಬೇಕಿತ್ತು” ಎಂದ.

ಅಂಗಡಿ ಈಗಲೂ ಇದೆ. ಪುಡಿಯೂ ಮಾರಾಟವಾಗುತ್ತದೆ, ನನ್ನ ಫೋಟೋ ಇಲ್ಲದೆ. ಅದನ್ನು ದಾಟಿ ಹೋಗುವಾಗೆಲ್ಲ ನನ್ನ ಹಲ್ಲು ತಾನಾಗಿಯೇ ಬಿಗಿಯುತ್ತದೆ. ಆಕೆಗೆ ವೈದ್ಯರು ಮಂಪರು ಕಡಿಮೆಯಿರುವ ಬೇರೆ ಗುಳಿಗೆ ಕೊಟ್ಟಿದ್ದಾರೆ. ಖಾನಾವಳಿಗಳಿಗೆ ಮತ್ತೆ ರೊಟ್ಟಿ ಹೋಗುತ್ತಿದೆ.

ಆಸ್ಪತ್ರೆಯಲ್ಲಿ ರೋಗಿಗಳೂ ಮನೆಯವರೂ ಆಗಾಗ ಕೂಡಿ ಕೂತು ಮಾತಾಡುತ್ತಾರೆ. ಮೊನ್ನೆ ನಾನೂ ಹೋಗಿದ್ದೆ. ಹೊಸದಾಗಿ ಬಂದವರೊಬ್ಬರು, ಪಕ್ಕದಲ್ಲಿ ಹೆಂಡತಿ ಕೂತಿರುವಾಗಲೇ, “ನಮ್ಮಾಕಿಗೆ ಏನಾಗತೈತಂದ್ರ…” ಎಂದು ಶುರುಮಾಡಿದರು. ಎದುರಿಗೆ ಕೂತಿದ್ದ ಹಳೇ ಹುಬ್ಬಳ್ಳಿಯ ಈಕೆ ಕೈ ಎತ್ತಿ ತಡೆದಳು.

“ನೀವು ತಡೀರಿ ಅಣ್ಣಾರ. ಅಕಿ ಹೇಳ್ಲಿ.”