ತಂತಿ ಖಾಲಿಯಾಗುವವರೆಗೆ

ನನಗೆ ಊಟದ ಹೊತ್ತಿನಲ್ಲೇ ಮಾತು ಹುಟ್ಟುತ್ತದೆ. ತೊಂದರೆಯೆಂದರೆ ನಮ್ಮ ಮನೆಯಲ್ಲಿ ಎಲ್ಲರಿಗೂ ಆಗಲೇ ಹುಟ್ಟುತ್ತಿತ್ತು.

ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ಎಗ್ಮೋರಿನ ವಿಮಾ ಕಚೇರಿಯೊಂದರಲ್ಲಿ ಕಂಪ್ಯೂಟರುಗಳನ್ನು ಜೋಡಿಸುವ ಜಾಲ ನೋಡಿಕೊಳ್ಳುವುದು ನನ್ನ ಕೆಲಸ. ಈಥರ್‌ನೆಟ್ ಎಂಬ ಆಗಿನ ಜಾಲದಲ್ಲಿ ಇಡೀ ಮಹಡಿಗೆ ಒಂದೇ ತಂತಿ. ಆದರೂ ಆ ಯಂತ್ರಗಳ ಸಭ್ಯತೆ ನೋಡಬೇಕು! ಪ್ರತಿಯೊಂದೂ ಮೊದಲು ಕಿವಿಗೊಟ್ಟು ಕೇಳುತ್ತದೆ; ತಂತಿ ಖಾಲಿಯಿದ್ದರಷ್ಟೇ ಬಾಯಿ ತೆರೆಯುತ್ತದೆ. ಎರಡು ಒಟ್ಟಿಗೆ ಶುರುಮಾಡಿ ಡಿಕ್ಕಿಯಾದರೆ ಎರಡೂ ಸುಮ್ಮನಾಗಿ, ಚೀಟಿ ಎತ್ತಿದಂತೆ ಒಂದಿಷ್ಟು ಹೊತ್ತು ಕಾದು, ಮತ್ತೆ ಪ್ರಯತ್ನಿಸುತ್ತವೆ. ಜಾಲದ ಕೆಲಸವನ್ನು ಒಂದರ ಮೇಲೊಂದು ಪದರಗಳಿಗೆ ಹಂಚಿರುತ್ತಾರೆ; ಇದೆಲ್ಲ ಡೇಟಾ ಲಿಂಕ್ ಎಂಬ ಕೆಳಗಿನ ಪದರದ ವ್ಯವಹಾರ. ಮಾತಿನೊಳಗೆ ಏನಿದೆಯೆಂದು ಅದು ವಿಚಾರಿಸುವುದಿಲ್ಲ, ತಂತಿ ದಾಟಿಸುವುದಷ್ಟೇ ಅದರ ಕೆಲಸ.

ನಮ್ಮ ಮನೆಯಲ್ಲಿ ಡಿಕ್ಕಿಯಾದರೆ ಸುಮ್ಮನಾಗುವವಳು ನಾನೊಬ್ಬಳೇ. ಮಣಲಿಯ ಕಾರ್ಖಾನೆಯಿಂದ ಬಂದ ನಮ್ಮ ಯಜಮಾನರು ಮೇಲಧಿಕಾರಿಯನ್ನು ಸಾರಿನ ಜೊತೆ ಕಲಸಿ ತಿನ್ನುತ್ತಿದ್ದರು. ಮಗಳು ಆ ಊರಿನ ತಮಿಳಿನಲ್ಲಿ ಶಾಲೆಯ ಪುರಾಣ ಬಿಚ್ಚುತ್ತಿದ್ದಳು.

ಆ ವಾರ ನನ್ನಲ್ಲೂ ಒಂದು ಮಾತಿತ್ತು. ಹೈದರಾಬಾದಿನಲ್ಲಿ ಕೆಲವು ತಿಂಗಳ ತರಬೇತಿ, ಮುಗಿಸಿ ಬಂದರೆ ಅಧಿಕಾರಿಯ ಹುದ್ದೆ. ಶುಕ್ರವಾರದೊಳಗೆ ಮನೆಯಲ್ಲಿ ಕೇಳಿ ಹೇಳಿ ಎಂದಿದ್ದರು ಮ್ಯಾನೇಜರು. ಗಂಡಸರಿಗೆ ಯಾರೂ ಹಾಗೆನ್ನುವುದಿಲ್ಲ. ಸೋಮವಾರ ನಾನು ಬಾಯಿ ತೆರೆದೆ, ಇವರೂ ತೆರೆದರು. ಮಾರನೆಯ ದಿನ ಮಗಳು ಎಂಜಲುಗೈ ಎತ್ತಿ, "ಇರು ಅಮ್ಮಾ, ಅಪ್ಪುರಂ ಸೊಲ್ಲು" ಎಂದಳು. ಆಮೇಲೆ ಹೇಳಬೇಕಂತೆ. ಆ ಆಮೇಲೆ ಬರಲೇ ಇಲ್ಲ.

ಯಂತ್ರಗಳ ಸಭ್ಯತೆಯಲ್ಲೂ ಒಂದು ಅನ್ಯಾಯವಿದೆ. ಡಿಕ್ಕಿಯಾಗುತ್ತ ಹೋದಂತೆ ಸೋತದ್ದು ಕಾಯಬೇಕಾದ ಹೊತ್ತು ಹಿಗ್ಗುತ್ತದೆ. ಗೆದ್ದದ್ದರ ಲೆಕ್ಕ ಮತ್ತೆ ಸೊನ್ನೆಯಿಂದ ಶುರು. ಹೀಗಾಗಿ ಒಮ್ಮೆ ಗೆದ್ದದ್ದೇ ಗೆಲ್ಲುತ್ತ ಹೋಗುವುದುಂಟು. ಸೋತದ್ದು ಕೊನೆಗೆ ಹೇಳಬೇಕಾದ್ದನ್ನೇ ಎಸೆದು, ಆಗಲಿಲ್ಲವೆಂದು ಮೇಲಿನ ಪದರಕ್ಕೆ ವರದಿ ಒಪ್ಪಿಸುತ್ತದೆ. ಶುಕ್ರವಾರ ನಾನೂ ಮ್ಯಾನೇಜರಿಗೆ ಅದನ್ನೇ ಒಪ್ಪಿಸಿದೆ. ತರಬೇತಿಗೆ ಇನ್ನೊಬ್ಬರು ಹೋದರು.

ವಿಷಯ ತಿಳಿದಾಗ ಇವರು ನಿಜವಾಗಿಯೂ ನೊಂದುಕೊಂಡರು.

"ಒಂದ್ ಮಾತು ಹೇಳಿದ್ರೆ ನಾನೇನು ಬೇಡ ಅಂತಿದ್ನಾ?"

ಅನ್ನುತ್ತಿರಲಿಲ್ಲ. ನನ್ನ ಹೊಟ್ಟೆ ಉರಿದದ್ದು, ಇವತ್ತಿಗೂ ಉರಿಯುವುದು, ಅದಕ್ಕೇ.

ಮುಂದೆ ಕಚೇರಿಯ ಜಾಲಕ್ಕೆ ಸ್ವಿಚ್ ಎಂಬ ಪೆಟ್ಟಿಗೆ ಬಂತು. ಪ್ರತಿ ಯಂತ್ರಕ್ಕೂ ತನ್ನದೇ ತಂತಿ, ಡಿಕ್ಕಿಯ ಮಾತೇ ಇಲ್ಲ. ಮನೆಗೂ ಬಂತೆನ್ನಿ. ಇವರು ತಟ್ಟೆ ಹಿಡಿದು ಟೀವಿಯ ಮುಂದೆ ಕೂರುತ್ತಾರೆ, ಮಗಳು ತನ್ನ ಕೋಣೆಯಲ್ಲಿ ಮೊಬೈಲಿನ ಜೊತೆ ಉಣ್ಣುತ್ತಾಳೆ. ಮೇಜಿನ ಮುಂದೆ ನಾನು. ಅಭ್ಯಾಸಬಲ, ಈಗಲೂ ಮೊದಲು ಕಿವಿಗೊಟ್ಟು ಕೇಳುತ್ತೇನೆ. ತಂತಿ ಪೂರ್ತಿ ಖಾಲಿಯಿದೆ. ನಿಯಮದ ಪ್ರಕಾರ ಇನ್ನು ನಾನು ಮಾತಾಡಬಹುದು.